ಹಾಡಿನ ಸಿನಿಮಾದಿಂದ ಇಳಿದು ಬಂದ ಗೊಂಬೆಗಳು: ಆಟಿಕೆ ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಹಾಡಿನ ಸಿನಿಮಾ ನೋಡಿದ ಮಕ್ಕಳು ಅದರ ಪಾತ್ರಗಳ ಗೊಂಬೆ ಕೇಳುತ್ತಿದ್ದಾರೆ. ಅದೂ ಬ್ಲಾಕ್ಸ್ ಜೋಡಿಸಿ ತಾವೇ ಕಟ್ಟುವ ಗೊಂಬೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಬಹಳ ಕಾಲ ಆಟಿಕೆ ಮಾರಿದವಳು ನಾನು. ಈ ಗೊಂಬೆಗಳ ಮೇಲೆ ನನಗೆ ವಿಶೇಷ ಪ್ರೀತಿ. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಇವಕ್ಕೇ ಮೀಸಲು.

ಪ್ರಶ್ನೆ: ಅಕ್ಕಾ, ನಮ್ಮ ಮಗಳು ಮೂರನೇ ಕ್ಲಾಸು. 'ವಿಕೆಡ್' ಸಿನಿಮಾ ನೋಡಿದಾಗಿನಿಂದ ಅದರಲ್ಲಿನ ಹಸಿರು ಹುಡುಗಿ, ಗುಲಾಬಿ ಹುಡುಗಿ ಇಬ್ಬರ ಲೆಗೊ ಬ್ಲಾಕ್ಸ್ ಗೊಂಬೆ ಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮತ್ತೆ 'ಮಾಟಗಾತಿ ಗೊಂಬೆ ಮನೆಯೊಳಗೆ ಬೇಡ' ಅನ್ನುತ್ತಾರೆ. ಯಜಮಾನರಿಗೆ ರೇಟು ನೋಡಿಯೇ ತಲೆಬಿಸಿ. ಕೊಡಿಸಲೋ ಬೇಡವೋ?
(ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಕೊಡಿಸಿ ತಂಗಿ. ಆದರೆ ಹಟಕ್ಕೆ ಮಣಿದು ನಾಳೆಯೇ ತರಬೇಡಿ. ಹುಟ್ಟುಹಬ್ಬವೋ, ಪರೀಕ್ಷೆ ಮುಗಿದ ರಜೆಯೋ, ಒಂದು ದಿನ ಹೇಳಿ. ಕಾದು ಸಿಕ್ಕಿದ್ದನ್ನು ಮಕ್ಕಳು ಜೋಪಾನ ಮಾಡುತ್ತಾರೆ.

ಮೊದಲು ಅತ್ತೆಯವರ ಮಾತಿಗೆ ಬರೋಣ. ಅವರನ್ನು ಕೂರಿಸಿಕೊಂಡು ಕಥೆ ಹೇಳಿ. ಒಂದು ಹೆಣ್ಣುಮಗು ಹುಟ್ಟುವಾಗಲೇ ಮೈ ಹಸಿರು. ಅಪ್ಪನೇ ಹತ್ತಿರ ಸೇರಿಸುವುದಿಲ್ಲ. ದೊಡ್ಡವಳಾಗಿ ಓದಲು ಹೋದ ಕಡೆ ಎಲ್ಲರಿಗೂ ಬೇಕಾದ ಚೆಂದದ ಹುಡುಗಿಯೊಬ್ಬಳು ಜೊತೆಗೆ ಒಂದೇ ರೂಮಿಗೆ ಬರುತ್ತಾಳೆ. ಮೊದಮೊದಲು ಎಣ್ಣೆ ಸೀಗೇಕಾಯಿ. ಆಮೇಲೆ ಜೀವದ ಗೆಳತಿಯರು. ಮಾತಾಡುವ ಪ್ರಾಣಿಗಳ ಬಾಯಿ ಮುಚ್ಚಿಸುವ ಅನ್ಯಾಯ ಕಂಡು ಹಸಿರು ಹುಡುಗಿ ದೊಡ್ಡವರಿಗೆ ಎದುರು ನಿಲ್ಲುತ್ತಾಳೆ. ಆಗ ಅವಳಿಗೆ 'ಮಾಟಗಾತಿ' ಅಂತ ಹೆಸರು ಕಟ್ಟಿ ಊರೆಲ್ಲ ಸಾರುತ್ತಾರೆ. ಇಷ್ಟು ಕೇಳಿದ ಮೇಲೂ ಯಾವ ಅಜ್ಜಿ ತಾನೇ ಆ ಮಗುವನ್ನು ಬೇಡ ಅಂದಾರು?

ಈ ಮಾಟಗಾತಿ 1900ರಲ್ಲಿ ಅಮೆರಿಕದಲ್ಲಿ ಬಂದ ಒಂದು ಮಕ್ಕಳ ಕಥೆಯವಳು. ಆ ಪುಸ್ತಕದಲ್ಲಿ ಅವಳ ಮೈ ಹಸಿರಲ್ಲ. ಹಸಿರು ಬಣ್ಣ ಬಂದದ್ದು 1939ರ ಸಿನಿಮಾದಿಂದ. ಅವಳ ಕಡೆಯಿಂದ ಕಥೆ ಹೇಳುವ ಹಾಡಿನ ನಾಟಕ 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ಅದೇ ನಾಟಕ 2024ರ ನವೆಂಬರಿನಲ್ಲಿ ಸಿನಿಮಾ ಆಯಿತು, ಎರಡನೇ ಭಾಗ 2025ರ ನವೆಂಬರಿನಲ್ಲಿ ಬಂತು. ಹಸಿರು ಹುಡುಗಿ ಎಲ್ಫಬಾ ಆಗಿ ಸಿಂಥಿಯಾ ಎರಿವೊ, ಗುಲಾಬಿ ಹುಡುಗಿ ಗ್ಲಿಂಡಾ ಆಗಿ ಅರಿಯಾನಾ ಗ್ರಾಂಡೆ. ಎರಿವೊ ಮೈಮೇಲಿನ ಹಸಿರು ಕಂಪ್ಯೂಟರಿನದ್ದಲ್ಲ, ಮೇಕಪ್ಪಿನ ಬಣ್ಣ.

ರೇಟಿನ ಬಗ್ಗೆ ಯಜಮಾನರ ಚಿಂತೆ ಸರಿಯೇ. ಲೆಗೊ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಕಂಪನಿ. ಶುರುವಾದದ್ದು 1932ರಲ್ಲಿ. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿತು, 2023ರಲ್ಲಿ ಶೇ 70 ಮಾಡಿತು. ಅಂಗಡಿಯವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ.

ಕೊಟ್ಟ ದುಡ್ಡಿಗೆ ಮಗುವಿಗೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಮಾಮೂಲಿ ಗೊಂಬೆ ಡಬ್ಬದಿಂದ ಸಿದ್ಧವಾಗಿಯೇ ಹೊರಗೆ ಬರುತ್ತದೆ. ಇದು ಬರುವುದು ಚೀಲಗಳಲ್ಲಿ, ಚೂರು ಚೂರಾಗಿ. ಮೊದಲು ಒಳಗಿನ ತಿರುಳು ಕಟ್ಟಬೇಕು. ಅಲ್ಲಿ ಬಣ್ಣಕ್ಕೆ ಕಟ್ಟುಪಾಡಿಲ್ಲ, ಹೊರಗೆ ಕಾಣದ ಜಾಗದಲ್ಲಿ ಕೆಂಪು ಹಳದಿ ಇದ್ದರೂ ನಡೆಯುತ್ತದೆ. ಬ್ಲಾಕಿನ ಮೇಲೆ ಇನ್ನೊಂದನ್ನು ಹಿಡಿದು ಕೂರಿಸುವ ಗುಂಡನೆ ಉಬ್ಬುಗಳಿರುತ್ತವಲ್ಲ, ಆ ತಿರುಳಿನ ಪಕ್ಕಗಳಲ್ಲೂ ಅಂಥವು ಇರುತ್ತವೆ. ಅವುಗಳ ಮೇಲೆ ಬ್ಲಾಕಿನದ್ದೇ ಬಟ್ಟೆ ಕೂರುತ್ತದೆ. ಎದೆಯ ಕಡೆ ಒಂದು ಹಲಗೆ, ಬೆನ್ನಿಗೊಂದು, ಅಕ್ಕಪಕ್ಕ ಎರಡು. ಗೋಡೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಹೋದದ್ದು ತಟ್ಟನೆ ಪಕ್ಕಕ್ಕೆ ತಿರುಗಿ ಲಂಗ ಆಗಿಬಿಡುತ್ತದೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಬೇಕು ನೀವು.

ಇನ್ನೊಂದು ಅನುಕೂಲ. ಜೋಡಿಸುವ ಪುಸ್ತಕದಲ್ಲಿ ಓದುವ ಕೆಲಸವೇ ಇಲ್ಲ, ಎಲ್ಲ ಚಿತ್ರ. ಇಂಗ್ಲಿಷ್ ಬಾರದ ಅಜ್ಜಿಯೂ ಪಕ್ಕ ಕೂತು 'ಈ ಹೆಜ್ಜೆಗೆ ಕರಿದು ಎರಡು, ಹಸಿರು ಒಂದು' ಅಂತ ಆರಿಸಿ ಕೊಡಬಹುದು. ನಿಮ್ಮತ್ತೆಗೆ ಈ ಕೆಲಸ ಕೊಡಿ. ಮಾಟಗಾತಿಯ ಟೋಪಿ ಅವರ ಕೈಯಿಂದಲೇ ಕೂರಲಿ.

ಇಬ್ಬರನ್ನೂ ಒಟ್ಟಿಗೇ ತನ್ನಿ. ಎಲ್ಫಬಾ, ಗ್ಲಿಂಡಾ ಎರಡೂ ಗೊಂಬೆ ಒಂದೇ ಡಬ್ಬದಲ್ಲಿರುವ ಸೆಟ್ಟೇ ಇದೆ. ಗುಲಾಬಿಯವಳು ಚೆಂದ, ಅವಳೊಬ್ಬಳೇ ಸಾಕು ಅನ್ನುವವರು ಇರುತ್ತಾರೆ. ಹಾಗೆ ಒಬ್ಬಳನ್ನು ಬಿಟ್ಟರೆ ಈ ಕಥೆಯಲ್ಲಿ ಉಳಿಯುವುದೇನು?

ಪ್ರಶ್ನೆ: ನಾನು ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವನು. ಮೊಮ್ಮಗ ಒಂದು ಬ್ಲಾಕ್ಸ್ ಗೊಂಬೆ ತೋರಿಸಿ 'ತಾತ, ಇದು ಹಾಡಿನ ಸಿನಿಮಾದ್ದು' ಅಂದ. ಬ್ಯಾಟರಿ ಇಲ್ಲ, ಒತ್ತಿದರೆ ಸದ್ದಿಲ್ಲ. ಹಾಡದ ಗೊಂಬೆಗೆ ಹಾಡಿನ ಪಾತ್ರ ಅಂತ ಹೇಗೆ ಕರೆಯುವುದು?
(ಒಬ್ಬ ಹಿರಿಯರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ಈ ಸಲದ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ನಿಮ್ಮದು.

ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತೇನೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ಊರಿನದು. ಅಂಥ ಕಂಪನಿಯ ನಾಟಕಕ್ಕೆ ಹೋದರೆ ಕೊನೇ ಸಾಲಿನಲ್ಲಿ ಕೂತವನಿಗೆ ನಟಿಯ ಕಣ್ಣು ಮೂಗು ಕಾಣುತ್ತಿತ್ತೇ? ಇಲ್ಲ. ಸೀರೆಯ ಬಣ್ಣ, ಕಿರೀಟದ ಎತ್ತರ, ನಿಂತ ಠೀವಿ, ಇಷ್ಟರಿಂದಲೇ ಯಾರು ಬಂದರು ಅಂತ ತಿಳಿಯುತ್ತಿತ್ತು. ನೀವು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಒಂದು ಸ್ವರ ಹಿಡಿದರೆ ಸಾಕು, ಜನ ಹಾಡಿಗೆ ತಯಾರಾಗಿಬಿಡುತ್ತಿದ್ದರು.

ಬ್ಲಾಕ್ಸ್ ಗೊಂಬೆಯೂ ಕೊನೇ ಸಾಲಿನವನಿಗಾಗಿಯೇ ಮಾಡಿದಂತಿದೆ. ಮುಖದಲ್ಲಿ ಹೇಳಲು ಜಾಗ ಕಡಿಮೆ. ಎರಡು ಕಣ್ಣು, ಬಾಯಿ ಇದ್ದರೆ ಒಂದು ಗೆರೆ. ಉಳಿದದ್ದನ್ನೆಲ್ಲ ಬಟ್ಟೆಯೇ ಹೇಳಬೇಕು. ಚೂಪು ಕರೀ ಟೋಪಿ, ಹಸಿರು ಮುಖ ಕಂಡರೆ ಎಲ್ಫಬಾ. ಗುಲಾಬಿ ಬಟ್ಟೆ, ಹೊಂಬಣ್ಣದ ಕೂದಲು ಕಂಡರೆ ಗ್ಲಿಂಡಾ. ತಿಳಿನೀಲಿ ಉಡುಪಿಗೆ ಬಿಳಿಗೂದಲ ಜಡೆ ಇದ್ದರೆ 2013ರ 'ಫ್ರೋಜನ್' ಚಿತ್ರದ ಎಲ್ಸಾ ಅಂತ ನಿಮ್ಮ ಮೊಮ್ಮಗ ಬಾಗಿಲಿನಿಂದಲೇ ಕೂಗಿ ಹೇಳುತ್ತಾನೆ. ವೇಷಕ್ಕೆ ಇಷ್ಟು ಬಲ ಇರುವುದರಿಂದಲೇ ಹಾಡಿನ ಸಿನಿಮಾಗಳು ಈ ಗೊಂಬೆಗಳಿಗೆ ಚೆನ್ನಾಗಿ ಒದಗಿ ಬರುತ್ತವೆ. 'ವಿಕೆಡ್' ಚಿತ್ರದ ಉಡುಪುಗಳಿಗೆ 2025ರಲ್ಲಿ ಆಸ್ಕರ್ ಬಂತು, ಪಾಲ್ ಟ್ಯಾಜ್‌ವೆಲ್ ಅವರಿಗೆ. ನಿಮಗೆ ಖುಷಿ ಕೊಡುವ ಇನ್ನೊಂದು ಸಂಗತಿ ಇದೆ. ಆ ಚಿತ್ರದ ನಟಿಯರು ಶೂಟಿಂಗ್ ಜಾಗದಲ್ಲೇ ಹಾಡುಗಳನ್ನು ನೇರವಾಗಿ ಹಾಡಿದ್ದಾರೆ. ನಿಮ್ಮ ರಂಗದ ಮೇಲಿನವರ ಹಾಗೆಯೇ.

ಗೊಂಬೆ ಹಾಡುವುದಿಲ್ಲ ಅನ್ನುವುದು ನಿಜ. ನನಗೆ ಅದೇ ಇಷ್ಟ. ಒತ್ತಿದರೆ ಹಾಡುವ ಗೊಂಬೆಗಳನ್ನೂ ಅಂಗಡಿಯಲ್ಲಿ ಮಾರಿದ್ದೇನೆ. ಅದು ಹಾಡುವಾಗ ಮಗು ಬಾಯಿ ಮುಚ್ಚಿ ಕೇಳುತ್ತದೆ. ಬ್ಯಾಟರಿ ಮುಗಿದ ಮೇಲೆ ಇಬ್ಬರೂ ಸುಮ್ಮನೆ. ಈ ಗೊಂಬೆ ಮೊದಲಿನಿಂದಲೂ ಮೂಕ, ಹಾಗಾಗಿ ಕಟ್ಟುತ್ತಾ ಕಟ್ಟುತ್ತಾ ಮಗುವೇ ಹಾಡುತ್ತದೆ. ಇವತ್ತು ಸಂಜೆ ಮೊಮ್ಮಗ ಗೊಂಬೆ ತೆಗೆದಾಗ ನೀವು ಪೆಟ್ಟಿಗೆ ತೆಗೆಯಿರಿ. ಅವನ ಹಾಡಿನ ಶ್ರುತಿ ಹುಡುಕಿ ಕೊಡಿ. ಇಂಗ್ಲಿಷ್ ಹಾಡಾದರೇನು, ಮಟ್ಟು ಹಿಡಿಯಲು ನಿಮಗೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ಎರಡು ವರ್ಷ. ದೊಡ್ಡವನ ಪೀಸುಗಳನ್ನು ಇವಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ಏನು ಮಾಡುವುದು?
(ಹರಿಹರ)

ಉತ್ತರ: ಇದರಲ್ಲಿ ರಾಜಿ ಬೇಡ. ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಈ ಗೊಂಬೆಯ ಒಂದು ಪೀಸೂ ನೆಲದ ಮೇಲೆ ಇರಬಾರದು. ಆಟಿಕೆ ಪರೀಕ್ಷಿಸುವವರು ಸುಮಾರು 32 ಮಿ.ಮೀ. ಅಗಲದ ಒಂದು ಪುಟ್ಟ ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಚಿಕ್ಕ ಮಕ್ಕಳ ಗಂಟಲಿಗೆ ಅಪಾಯ. ಈ ಗೊಂಬೆಯ ಬಹುಪಾಲು ಪೀಸುಗಳು ಅದರೊಳಗೆ ಸಲೀಸಾಗಿ ಇಳಿಯುತ್ತವೆ.

ದೊಡ್ಡವನು ಮೇಜಿನ ಮೇಲೆ ಅಂಚಿರುವ ದೊಡ್ಡ ತಟ್ಟೆಯಲ್ಲಿ ಜೋಡಿಸಲಿ. ಇಲ್ಲವೇ ಚಿಕ್ಕವಳು ಮಲಗಿದ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೂರಲಿ. ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ಡಬ್ಬಕ್ಕೆ ಸುರಿದರೆ ಆಯಿತು.

ಚಿಕ್ಕವಳಿಗೂ ಆಸೆ ಇರುತ್ತದಲ್ವಾ? ಅವಳಿಗೆ ಡ್ಯೂಪ್ಲೊ ಕೊಡಿಸಿ, ಪುಟ್ಟ ಮಕ್ಕಳಿಗೆಂದೇ ಲೆಗೊದವರು ಮಾಡುವ ದೊಡ್ಡ ಬ್ಲಾಕ್. ಉದ್ದ, ಅಗಲ, ಎತ್ತರ ಮೂರರಲ್ಲೂ ಮಾಮೂಲಿ ಬ್ಲಾಕಿನ ಎರಡರಷ್ಟು ಇರುತ್ತದೆ. ಮುಂದೆ ದೊಡ್ಡವಳಾದಾಗ ಅದೇ ಬ್ಲಾಕಿನ ಮೇಲೆ ಅಣ್ಣನ ಬ್ಲಾಕೂ ಕೂರುತ್ತದೆ, ಅಳತೆ ಹಾಗೆ ಹೊಂದಿಸಿದ್ದಾರೆ.

ಯಾವತ್ತಾದರೂ ಗಂಟಲಲ್ಲಿ ಸಿಕ್ಕಿತು ಅನ್ನಿಸಿದರೆ ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಕೂಡಲೇ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಸಂತೆಪೇಟೆ ಕಡೆ ಕಡಿಮೆ ರೇಟಿಗೆ ಅಂಥದ್ದೇ ಡಬ್ಬ ಸಿಕ್ಕಿತು ಅಂತ ತಂದೆ. ಗೊಂಬೆಯ ಕೈ ನಿಲ್ಲುವುದಿಲ್ಲ, ತಲೆ ಎತ್ತಿದರೆ ತಲೆಯೇ ಕೈಗೆ ಬರುತ್ತದೆ. ಮಗ ಅಳುತ್ತಾನೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
(ಚಿತ್ರದುರ್ಗ)

ಉತ್ತರ: ಮಗನಿಗೆ ಮೊದಲು ಹೇಳಿ: ತಪ್ಪು ನಿನ್ನ ಕೈಯದಲ್ಲ, ಪೀಸಿನದು. ಎಷ್ಟೋ ಮಕ್ಕಳು ತಮಗೇ ಬರುವುದಿಲ್ಲ ಅಂದುಕೊಂಡು ಆಟವನ್ನೇ ಬಿಟ್ಟುಬಿಡುತ್ತಾರೆ.

ಈ ಆಟ ನಿಂತಿರುವುದೇ ಅಳತೆಯ ಮೇಲೆ. ಪಕ್ಕಪಕ್ಕದ ಎರಡು ಉಬ್ಬುಗಳ ನಡುವಿನ ದೂರ ನಡುವಿನಿಂದ ನಡುವಿಗೆ ಸರಿಯಾಗಿ 8 ಮಿ.ಮೀ. ಬ್ಲಾಕಿನ ಎತ್ತರ 9.6 ಮಿ.ಮೀ. ತೆಳು ಹಲಗೆ ಪೀಸು ಅದರ ಮೂರರಲ್ಲೊಂದು ಭಾಗ. ಇದರಲ್ಲಿ ಕೂದಲೆಳೆಯಷ್ಟು ಹೆಚ್ಚಾದರೆ ಬಿಗಿ ಜಾಸ್ತಿ, ಕಡಿಮೆಯಾದರೆ ಸಡಿಲ. ಒಳಗೆ ಕೊಳವೆ ಇರುವ ಈಗಿನ ಬ್ಲಾಕಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿಯಲ್ಲಿ. ಆಗಿನ ಬ್ಲಾಕ್ ಇವತ್ತಿನದಕ್ಕೂ ಕೂರುತ್ತದೆ.

ಲೆಗೊ ಕೊಳ್ಳುವುದಾದರೆ ಒಂದು ಬ್ಲಾಕಿನ ಉಬ್ಬನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅದರ ಮೇಲೆ ಕಂಪನಿ ಹೆಸರು ಸಣ್ಣಗೆ ಅಚ್ಚಾಗಿರುತ್ತದೆ. ಬೇರೆ ಕಂಪನಿಯವೂ ಚೆನ್ನಾಗಿರುತ್ತವೆ, ಎಲ್ಲದಕ್ಕೂ ದೊಡ್ಡ ಹೆಸರೇ ಬೇಕಿಲ್ಲ. ಆದರೆ ಐಎಸ್ಐ ಗುರುತು ಇರಲೇಬೇಕು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಅದು ಕಡ್ಡಾಯ, ನಮ್ಮಲ್ಲೇ ಮಾಡಿದ್ದಿರಲಿ, ಹೊರಗಿಂದ ಬಂದದ್ದಿರಲಿ. ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತದೆ. 'ಬಿಐಎಸ್ ಕೇರ್' ಎಂಬ ಆ್ಯಪ್‌ನಲ್ಲಿ ಹಾಕಿ ನೋಡಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಡಬ್ಬ ತೆರೆದ ಕೂಡಲೇ ಮೂಗಿಗೆ ಹೊಡೆಯುವಷ್ಟು ವಾಸನೆ ಬಂದರೆ ವಾಪಸ್ ಕೊಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಓಬವ್ವ ಜಯಂತಿಗೆ ಮಕ್ಕಳಿಂದ ಬ್ಲಾಕ್ಸ್‌ನಲ್ಲಿ ಒನಕೆ ಓಬವ್ವನ ಗೊಂಬೆ ಮಾಡಿಸುವ ಆಸೆ. ಶಾಲೆಯಲ್ಲಿ ಯಾರೋ ಕೊಟ್ಟ ಒಂದು ಮೂಟೆ ಹಳೇ ಬ್ಲಾಕ್ಸ್ ಇವೆ. ಎಲ್ಲಿಂದ ಶುರು ಮಾಡಲಿ?
(ಚಿತ್ರದುರ್ಗ)

ಉತ್ತರ: ಟೀಚರ್, ನಿಮ್ಮ ಪತ್ರ ಓದಿ ಎದೆ ತುಂಬಿತು. ಬಿಲ್ಲುಂಡಿನವರು ಓಬವ್ವನ ಡಬ್ಬ ಮಾಡುವವರೆಗೆ ನಾವೇಕೆ ಕಾಯಬೇಕು?

ಮೊದಲು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ. ಹೈದರಾಲಿಯ ಸೈನಿಕರು ನುಸುಳಿ ಬಂದದ್ದು ಎಷ್ಟು ಇಕ್ಕಟ್ಟಿನ ದಾರಿ ಅಂತ ಅವರ ಮೈಗೇ ಗೊತ್ತಾಗಲಿ. ಆಮೇಲೆ 1972ರ 'ನಾಗರಹಾವು' ಚಿತ್ರದ ಓಬವ್ವನ ಹಾಡು ತೋರಿಸಿ. ಪುಟ್ಟಣ್ಣ ಕಣಗಾಲರ ಚಿತ್ರ, ಓಬವ್ವನಾಗಿ ಜಯಂತಿ. ನಮ್ಮ ಕಡೆಯ ಎಷ್ಟೋ ಜನರ ಮನಸ್ಸಿನಲ್ಲಿ ಓಬವ್ವನಿಗೆ ಇರುವುದು ಜಯಂತಿಯವರ ಮುಖವೇ. ಹಾಡು ನಿಲ್ಲಿಸಿ ನಿಲ್ಲಿಸಿ ನೋಡಿ. ಕಾಲು ಎಲ್ಲಿದೆ, ಒನಕೆ ಯಾವ ಕೋನದಲ್ಲಿದೆ, ಸೆರಗು ಎಲ್ಲಿ ಸಿಕ್ಕಿಸಿದ್ದಾಳೆ, ಇದನ್ನೆಲ್ಲ ಮಕ್ಕಳು ಚೌಕಳಿ ಹಾಳೆಯ ಮೇಲೆ ಬರೆದುಕೊಳ್ಳಲಿ.

ಅಳತೆ ಹೀಗೆ ಇಟ್ಟುಕೊಳ್ಳಿ. ಸೀರೆಯ ಕೆಳಭಾಗ 8 ಬ್ಲಾಕ್ ಎತ್ತರ, ಸೊಂಟದಿಂದ ಕುತ್ತಿಗೆಗೆ 5, ತಲೆಗೆ 4. ಒಟ್ಟು 17 ಬ್ಲಾಕ್, ಅಂದರೆ ಸುಮಾರು 16 ಸೆಂ.ಮೀ. ತಲೆ ಕೊಂಚ ದೊಡ್ಡದಾಯಿತು ಅನ್ನಿಸುತ್ತದೆ. ಇರಲಿ, ಕಣ್ಣು, ಕುಂಕುಮ, ತುರುಬಿಗೆ ಜಾಗ ಬೇಕು.

ನೆರಿಗೆಗೆ ಒಂದು ಗುಟ್ಟು ಹೇಳುತ್ತೇನೆ. ಐದು ತೆಳು ಹಲಗೆ ಪೀಸು ಒಂದರ ಮೇಲೊಂದು ಇಟ್ಟರೆ 16 ಮಿ.ಮೀ. ಆಗುತ್ತದೆ. ಎರಡು ಉಬ್ಬಿನ ಅಗಲವೂ ಸರಿಯಾಗಿ 16 ಮಿ.ಮೀ. ಹಾಗಾಗಿ ಐದು ಹಲಗೆಯ ಕಟ್ಟನ್ನು ಅಡ್ಡ ಮಲಗಿಸಿದರೆ ಎರಡು ಉಬ್ಬಿನ ಜಾಗದಲ್ಲಿ ಸಂದಿಲ್ಲದೆ ಕೂರುತ್ತದೆ. ಹಲಗೆಗಳ ಅಂಚುಗಳು ಆಗ ಮುಂದಕ್ಕೆ ಸಾಲಾಗಿ ನಿಲ್ಲುತ್ತವೆ. ಎರಡು ಬಣ್ಣವನ್ನು ಒಂದು ಬಿಟ್ಟು ಒಂದು ಹಾಕಿ ನೋಡಿ, ಇಸ್ತ್ರಿ ಮಾಡಿದ ನೆರಿಗೆ ಎದ್ದು ಬರುತ್ತದೆ. ಅಡ್ಡ ಹಿಡಿಸಲು ಪಕ್ಕದಲ್ಲೂ ಉಬ್ಬಿರುವ ಬ್ಲಾಕ್ ಬೇಕು. ಮೂಟೆಯಲ್ಲಿ ಅಂಥವನ್ನು ಮೊದಲೇ ಹುಡುಕಿ ಬೇರೆ ತೆಗೆದಿಡಿ.

ಒನಕೆಗೆ ಕಂದು ಬಣ್ಣದ ಗುಂಡು ಪೀಸು. ಬರೀ ಒಂದರ ಮೇಲೊಂದು ಪೇರಿಸಿದರೆ ನಡುವೆ ಮುರಿಯುತ್ತದೆ. ನಡುವೆ ತೂತಿರುವವನ್ನೇ ಆರಿಸಿ, ಉದ್ದ ಕಡ್ಡಿ ಪೀಸಿಗೆ ಪೋಣಿಸಿ. ತುದಿಗೆ ಬೂದು ಬಣ್ಣದ ಒಂದು ಪೀಸು ಮರೆಯಬೇಡಿ, ಅದು ಒನಕೆಯ ಅಣಸು, ಅಂದರೆ ತುದಿಯ ಕಬ್ಬಿಣದ ಕಟ್ಟು. ಭತ್ತ ಕುಟ್ಟಿದ ಅಜ್ಜಿಯರು ಯಾರಾದರೂ ನೋಡಲು ಬಂದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಎತ್ತಿದ ಒನಕೆಯ ಭಾರಕ್ಕೆ ಗೊಂಬೆ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಕೆಳಗೆ ಅಗಲದ ಹಲಗೆ ಹಾಕಿ, ಒನಕೆಯ ಎದುರು ಬದಿಗೆ ಬೂದು ಬ್ಲಾಕಿನ ಬಂಡೆ ಕಟ್ಟಿ. ಬಂಡೆಯ ನಡುವೆ ಕಿಂಡಿ ಬಿಡಿ. ದುರ್ಗದಲ್ಲಿ ಬಂಡೆ ಹೇಗಿರುತ್ತದೆ ಅಂತ ನಿಮ್ಮ ಮಕ್ಕಳಿಗೆ ನಾನು ಹೇಳಿಕೊಡಬೇಕೇ?

ನವೆಂಬರ್ 11ರ ತನಕ ಕಾಯದೆ ಈಗಲೇ ಶುರು ಮಾಡಿ. ಮೊದಲ ಗೊಂಬೆ ಮನಸ್ಸಿಗೆ ಬರುವುದಿಲ್ಲ, ಬಿಚ್ಚಿ ಕಟ್ಟಲು ಸಮಯ ಬೇಕು. ಬಿಚ್ಚಿದಷ್ಟೂ ಮಕ್ಕಳಿಗೆ ಹೊಸ ದಾರಿ ಕಾಣುತ್ತದೆ. ಎರಡು ಇಂಟು ನಾಲ್ಕು ಉಬ್ಬಿನ ಒಂದೇ ಬಣ್ಣದ ಬರೀ ಆರು ಬ್ಲಾಕ್ ಇದ್ದರೂ ಅವನ್ನು 91 ಕೋಟಿಗೂ ಹೆಚ್ಚು ರೀತಿಯಲ್ಲಿ ಜೋಡಿಸಬಹುದು ಅಂತ ಗಣಿತದವರು ಲೆಕ್ಕ ಹಾಕಿದ್ದಾರೆ.

ಪ್ರಶ್ನೆ: ಇಂಜಿನಿಯರಿಂಗ್ ಓದುವ ಹುಡುಗ ನಾನು. ಸಿನಿಮಾ ಪಾತ್ರಗಳ ಬ್ಲಾಕ್ಸ್ ಗೊಂಬೆ ಕಟ್ಟುವ ಹುಚ್ಚು. ಹಾಸ್ಟೆಲ್‌ನಲ್ಲಿ 'ಹುಡುಗೀರ ಗೊಂಬೆ ಆಟ' ಅಂತ ಕಾಡಿಸುತ್ತಾರೆ.
(ದಾವಣಗೆರೆ)

ಉತ್ತರ: ಕಟ್ಟಪ್ಪಾ, ಕಟ್ಟು. ಡಬ್ಬದ ಮೇಲೆ 18+ ಅಂತ ಬರೆದು ದೊಡ್ಡವರಿಗೆಂದೇ ಎಷ್ಟೋ ಸೆಟ್ ಬರುತ್ತವೆ. ನಿನ್ನ ಓದಿಗೂ ಇದು ಹತ್ತಿರದ್ದೇ. ಭಾರ ಎಲ್ಲಿ ಬೀಳುತ್ತದೆ, ಜೋಡಣೆ ಎಲ್ಲಿ ಸೋಲುತ್ತದೆ ಅಂತ ಬೆರಳಿಗೇ ತಿಳಿಯುತ್ತದೆ.

ದುಡ್ಡಿಲ್ಲದಿದ್ದರೆ ಬಿಡಿ ಪೀಸು ಮಾರುವ ಬ್ರಿಕ್‌ಲಿಂಕ್ ಜಾಲತಾಣದವರ 'ಸ್ಟುಡಿಯೋ' ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲೇ ಕಟ್ಟಿ ನೋಡಬಹುದು. ನಿನ್ನದೇ ವಿನ್ಯಾಸ ಇದ್ದರೆ ಜನರ ವಿನ್ಯಾಸ ಕೇಳುವ 'ಲೆಗೊ ಐಡಿಯಾಸ್' ಜಾಲತಾಣಕ್ಕೆ ಕಳಿಸು. 10,000 ಜನ ಬೆಂಬಲಿಸಿದರೆ ಕಂಪನಿಯವರು ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ಕಾಡಿಸುವವರನ್ನು ಒಂದು ಭಾನುವಾರ ಪಕ್ಕ ಕೂರಿಸಿಕೊಂಡು ಒಂದು ಕೈ ಕಟ್ಟಲು ಕೊಡು. ಆಮೇಲೆ ಅವರೇ ಎದ್ದು ಹೋಗುವುದಿಲ್ಲ.

ಪ್ರಶ್ನೆ: ಶೋಕೇಸಿನಲ್ಲಿಟ್ಟರೂ ಧೂಳು. ಮೈಯೆಲ್ಲ ಜಿಡ್ಡು. ತೊಳೆಯುವುದು ಹೇಗೆ?
(ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಜಿಡ್ಡು ಎಲ್ಲಿಂದ ಅಂತ ಬೇರೆ ಹೇಳಬೇಕೇ? ನಮ್ಮ ಊರಲ್ಲಿ ಬೆಣ್ಣೆ ದೋಸೆ ತಿಂದ ಕೈ, ಮಂಡಕ್ಕಿ ಮೆಣಸಿನಕಾಯಿ ತಿಂದ ಕೈ. ಕೈ ತೊಳೆದು ಆಟಕ್ಕೆ ಕೂರುವ ಅಭ್ಯಾಸ ಮಾಡಿಸಿ.

ನೀರು ಉಗುರು ಬೆಚ್ಚಗಿರಲಿ, 40 ಡಿಗ್ರಿ ದಾಟಬಾರದು. ಸೋಪಿನ ನೀರಲ್ಲಿ ನೆನೆಸಿ, ಮೆತ್ತನೆ ಬ್ರಶ್ಶಿನಿಂದ ಉಜ್ಜಿ. ವಾಷಿಂಗ್ ಮೆಷಿನ್ ಬೇಡ. ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಬಿಸಿಲು ಬಡಿಯುವ ಕಿಟಕಿಯ ಹತ್ತಿರ ಇಡಬೇಡಿ, ಬಿಳಿ ಪೀಸು ಹಳದಿಗೆ ತಿರುಗುತ್ತದೆ. ಸ್ಟಿಕ್ಕರ್ ಅಂಟಿಸಿದ ಪೀಸುಗಳನ್ನು ಮಾತ್ರ ನೆನೆಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ನಾನು ಹೇಳುವುದಾದರೆ ಶೋಕೇಸಿನ ಬೀಗವನ್ನೇ ತೆಗೆಯಿರಿ. ತೊಳೆಯಲು ಹೇಗೂ ಬಿಚ್ಚಬೇಕು. ಬಿಚ್ಚುವ ಕೆಲಸ, ತಿರುಗಿ ಕಟ್ಟುವ ಕೆಲಸ ಎರಡನ್ನೂ ಮಗುವಿಗೇ ಬಿಡಿ.

ಪ್ರಶ್ನೆ: ಗೊಂಬೆಯ ಒಂದು ಕೈ ಪೀಸು ಕಳೆದುಹೋಗಿದೆ. ಡಬ್ಬ, ಪುಸ್ತಕ ಎರಡೂ ಇಲ್ಲ. ಇಡೀ ಸೆಟ್ ಮತ್ತೆ ಕೊಳ್ಳಬೇಕೇ?
(ಜಗಳೂರು)

ಉತ್ತರ: ಬೇಡವೇ ಬೇಡ. ಸೆಟ್ಟಿನ ಹೆಸರು ನೆನಪಿದ್ದರೆ ಸಾಕು, ಜೋಡಿಸುವ ಪುಸ್ತಕ ಲೆಗೊ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಕೊನೆಯ ಪುಟಗಳಲ್ಲಿ ಎಲ್ಲ ಪೀಸುಗಳ ಚಿತ್ರ, ಪಕ್ಕದಲ್ಲಿ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಬಿಡಿ ಪೀಸು ಮಾರುವವರ ಹತ್ತಿರ ಕೇಳಿ. ಅದಕ್ಕೂ ಮೊದಲು ಸೋಫಾದ ಸಂದಿ ಒಮ್ಮೆ ತಡಕಿ ನೋಡಿ. ಪೀಸು ಬರುವ ತನಕ ಬೇರೆ ಬಣ್ಣದ ಕೈ ಹಾಕಿ ಆಡಲಿ.